ಬಾಯಿಗೆ ಬಂದ ಭಾಷೆ, ಕಣ್ಣಿಗೆ ಬಾರದ ಲಿಪಿ

ಬೆಳಗ್ಗೆ ಮೀನಿನವರು ಗೇಟಿನ ಬಳಿ ನಿಂತು ಮಲಯಾಳದಲ್ಲಿ "ಮತ್ತಿ ಉಂಡು" ಎನ್ನುತ್ತಾರೆ. "ಬೂತಾಯಿಗ್ ಏತ್?" ಎಂದು ಅಮ್ಮ ಒಳಗಿನಿಂದಲೇ ತುಳುವಿನಲ್ಲಿ ಕೇಳುತ್ತಾರೆ. ಮೀನು ಒಂದೇ, ಹೆಸರು ಎರಡು. ಚೌಕಾಶಿ ಮುಗಿದು ಚಿಲ್ಲರೆ ಎಣಿಸುವ ಹೊತ್ತಿಗೆ ಅಮ್ಮ ಕನ್ನಡಕ್ಕೆ ಬಂದಿರುತ್ತಾರೆ. ಅವರು ಮಗ್ಗಿ ಕಲಿತದ್ದು ಕನ್ನಡ ಶಾಲೆಯಲ್ಲಿ.

ಕಾಸರಗೋಡಿನಲ್ಲಿ ಬದುಕುವ ಸುಖ ಇದು. ಮಧೂರು ದೇವಸ್ಥಾನಕ್ಕೆ ಹೋಗುವವರೂ ಮಾಲಿಕ್ ದೀನಾರ್ ಮಸೀದಿಗೆ ಹೋಗುವವರೂ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲಿ. ಯಕ್ಷಗಾನದ ಚೆಂಡೆಗೂ ತೆಯ್ಯಂನ ಚೆಂಡೆಗೂ ಇರುವ ವ್ಯತ್ಯಾಸವನ್ನು ನಮ್ಮ ಮಕ್ಕಳು ಹಾಸಿಗೆಯಲ್ಲಿ ಮಲಗಿಯೇ ಹೇಳುತ್ತಾರೆ. ಬೇರೆ ಊರಿನಲ್ಲಿ ಇಂಥ ಕಿವಿ ಸುಲಭಕ್ಕೆ ಸಿಗುವುದಿಲ್ಲ.

ಕಷ್ಟವೂ ಉಂಟು. ದೊಡ್ಡ ಕಾಯಿಲೆ ಬಂದರೆ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯೂ ಇಲ್ಲವಾಯಿತು. ಅತ್ತಲಿನವರಿಗೆ ನಾವು ಕೇರಳದವರು, ಇತ್ತಲಿನವರಿಗೆ ಕನ್ನಡದವರು.

ಆದರೆ ನನಗೆ ಹೆಚ್ಚು ನೋವಾದದ್ದು ಒಂದು ಸರ್ಕಾರಿ ಕಚೇರಿಯಲ್ಲಿ. ನೆರೆಮನೆಯ ಅಕ್ಕನ ಜೊತೆ ಪಿಂಚಣಿಯ ಕೆಲಸಕ್ಕೆ ಹೋಗಿದ್ದೆ. ಅರ್ಜಿ ಪೂರ್ತಿ ಮಲಯಾಳದಲ್ಲಿತ್ತು. ಅಕ್ಕ ಮಲಯಾಳ ಮಾತಾಡಿದರೆ ಕಣ್ಣೂರಿನವರೂ ತಲೆದೂಗಬೇಕು, ಆದರೆ ಲಿಪಿ ಬಾರದು. ಕನ್ನಡದ ಅರ್ಜಿ ಉಂಟಾ ಎಂದು ಕೇಳಿದೆವು. "ಇಷ್ಟು ಚಂದ ಮಲಯಾಳ ಮಾತಾಡ್ತಾರಲ್ಲ, ಮತ್ತೆ ಕನ್ನಡ ಯಾಕೆ?" ಎಂದರು ಕೌಂಟರಿನವರು. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, "ಎಲ್ಲಿ ಸೈನ್ ಮಾಡ್ಬೇಕು ಹೇಳಿ, ಮಾಡ್ತೇನೆ" ಎಂದರು. ಅರ್ಜಿಯಲ್ಲಿ ಏನು ಬರೆದಿದೆ ಎಂದು ಓದಲಾಗದೆಯೇ ಸಹಿ ಹಾಕಿದರು. ಹೆಸರು ಮಾತ್ರ ದುಂಡಗಿನ ಕನ್ನಡ ಅಕ್ಷರದಲ್ಲಿ.

ನೆರೆಯವರ ಮೇಲಿನ ಪ್ರೀತಿಯಿಂದ ಕಲಿತ ಮಾತನ್ನೇ ನಮ್ಮ ಲಿಪಿ ಬೇಡ ಎನ್ನಲು ಸಾಕ್ಷಿಯಾಗಿ ಬಳಸುವುದು ಅನ್ಯಾಯ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಆ ವಾದವನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಕೇರಳದ್ದೇ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಲು ಅನುವು ಮಾಡಿಕೊಟ್ಟಿದೆ. ನಾನು ಕೇಳುತ್ತಿರುವುದು ಅಷ್ಟನ್ನೇ.

ನಮ್ಮ 'ಅವಕಾಶ'ಕ್ಕೆ ಮಲಯಾಳದಲ್ಲಿ ಹಕ್ಕು ಎಂಬ ಅರ್ಥ. ಮಾಹಿತಿ ಹಕ್ಕನ್ನು ಅವರು 'ವಿವರಾವಕಾಶ' ಎನ್ನುತ್ತಾರೆ. ಕೌಂಟರಿನ ಮುಂದೆ ನಿಂತಾಗ ನಾವು ಆ ಪದವನ್ನು ಮಲಯಾಳದ ಅರ್ಥದಲ್ಲೇ ಹಿಡಿಯಬೇಕು. ಗಡಿನಾಡಿನ ಬಂಧುಗಳೇ, ನಿಮ್ಮ ಮುಂದಿನ ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ, ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ.