ಹೊಟ್ಟೆಕಿಚ್ಚಿನ ಸೈಕಲ್ಲು

ತೇನ್‌ಸಿಂಗ್ ಎವರೆಸ್ಟ್ ಹತ್ತಿದ ಕಥೆ ಕೇಳಿ ನಾನಂತೂ ಎಂದೂ ಸೋಫಾ ಬಿಟ್ಟು ಎದ್ದವನಲ್ಲ. ಅಷ್ಟು ಎತ್ತರದವರನ್ನು ಕ್ಯಾಲೆಂಡರಿನಲ್ಲಿ ತೂಗುಹಾಕಿ, ಕೈಮುಗಿದು, ಕಾಫಿ ಕುಡಿದು ಸುಮ್ಮನಾಗಬಹುದು. ನಮ್ಮನ್ನು ಎಬ್ಬಿಸುವುದಕ್ಕೆ ನಮಗಿಂತ ಒಂದು ಕೈ ಕಡಿಮೆಯೇ ಅನ್ನಿಸುವವನು ಬೇಕು.

ನನಗೆ ಅಂಥವನು ಆಫೀಸಿನ ಪಕ್ಕದ ಟೇಬಲ್ಲಿನಲ್ಲೇ ಸಿಕ್ಕ. ಒಂದು ಮಹಡಿಗೂ ಲಿಫ್ಟಿಗೆ ಕಾಯುವ, ಡಬ್ಬಿ ಖಾಲಿಯಾದೊಡನೆ ಕುರ್ಚಿಯಲ್ಲೇ ತೂಕಡಿಸುವ ಆಸಾಮಿ. ಒಂದು ಸೋಮವಾರ ಕುಂಟುತ್ತಾ ಬಂದವನು, ಹಿಂದಿನ ದಿನ ಸೈಕಲ್ಲಿನಲ್ಲಿ 200 ಕಿಲೋಮೀಟರ್ ಹೋಗಿಬಂದೆ ಅಂದ. ಬ್ರೆವೆ ಅಂತಾರೆ ಸಾರ್, ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು, ದಾರಿಯಲ್ಲಿ ಏನೇ ಕೆಟ್ಟರೂ ನಾವೇ ರಿಪೇರಿ ಮಾಡ್ಕೋಬೇಕು ಅಂತ ವಿವರಿಸಿದ. "ಶಭಾಷ್ ಕಣಯ್ಯಾ" ಅಂದೆ. ಹೊಟ್ಟೆಯೊಳಗೆ ಒಗ್ಗರಣೆ ಸಿಡಿಯುತ್ತಿತ್ತು.

ಆ ಉರಿಯಲ್ಲೇ ಸೈಕಲ್ಲಿನ ಹಳೆಯ ಸಾಹಸಗಳನ್ನು ಹುಡುಕಿ ಓದತೊಡಗಿದೆ. ಮುಂಬಯಿಯ ಪಾರ್ಸಿ ಹುಡುಗರು ಕಣ್ಣಿಗೆ ಬಿದ್ದದ್ದು ಆಗ. ಭಾರ ಎತ್ತುವವರ ಒಂದು ಕ್ಲಬ್ಬಿನ ಆರು ಜನ 1923ರ ಅಕ್ಟೋಬರ್ 15ರಂದು ಸೈಕಲ್ ಹತ್ತಿ ಪ್ರಪಂಚ ಸುತ್ತಲು ಹೊರಟರು. ಅವರಿಗೆ ಹುಚ್ಚು ಹಿಡಿಸಿದ್ದು ಯಾವ ಮಹಾಪುರುಷನೂ ಅಲ್ಲ, ಯುರೋಪಿನಿಂದ ಭಾರತಕ್ಕೆ ನಡೆದೇ ಬಂದಿದ್ದ ಒಬ್ಬ ಫ್ರೆಂಚನ ಭಾಷಣ. ಅವನು ನಡೆದು ಬರಬಹುದಾದರೆ ನಮಗೆ ಚಕ್ರವಾದರೂ ಇದೆಯಲ್ಲ ಅಂದುಕೊಂಡಿರಬೇಕು! ಇರಾನ್, ಇರಾಕಿನ ಮರುಭೂಮಿ, ಯುರೋಪು, ಅಮೆರಿಕ, ಜಪಾನು ಎಲ್ಲ ದಾಟಿ ಸುಮಾರು 71,000 ಕಿಲೋಮೀಟರ್ ತುಳಿದು 1928ರ ಮಾರ್ಚ್ 18ರಂದು ಮುಂಬಯಿಗೆ ಮರಳಿದವರು ಮೂವರು: ಆದಿ ಹಕೀಂ, ಜಲ್ ಬಾಪಾಸೋಲ, ರುಸ್ತುಂ ಭುಂಗಾರ. ಉಳಿದ ಮೂವರು ನಡುವೆಯೇ ಬಿಟ್ಟರು. ಅವರ ಮೇಲೆ ನನಗೆ ವಿಶೇಷ ಮಮತೆ. ಟೆಹರಾನಿನವರೆಗೆ ತುಳಿದು ಮನೆಗೆ ವಾಪಸಾದವನನ್ನು ಸೋತವ ಅನ್ನಲು, ಹಾಲು ತರಲೂ ಸ್ಕೂಟರ್ ಹತ್ತುವ ನನಗೆ ಬಾಯಿ ಬರುವುದಿಲ್ಲ. ಕಿಚ್ಚು ಅಲ್ಲಿಗೇ ಆರಲಿಲ್ಲ ನೋಡಿ. 1933ರಲ್ಲಿ ಮುಂಬಯಿಯಿಂದಲೇ ಮತ್ತೆ ಮೂವರು ಪಾರ್ಸಿಗಳು ಸೈಕಲ್ ಹತ್ತಿದರು. ಅವರು ಊರು ಸೇರಿದ್ದು 1942ರಲ್ಲಿ.

ನಾನೂ ಸೈಕಲ್ ಕೊಂಡೆ. ಗೇರಿನದು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಕಲಿತವನಿಗೆ ಇಷ್ಟೊಂದು ಗೇರು ಯಾಕೆಂದು ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ. ನಸುಕಿನಲ್ಲಿ ಎದ್ದು ಮೈಸೂರಿನಿಂದ ನಂಜನಗೂಡಿನವರೆಗೆ ಹೋಗಿ ಬರುವ ಅಭ್ಯಾಸ ಶುರುವಾಯಿತು. ಸಾಹಸ ಅನ್ನುವುದರಲ್ಲಿ ಮುಕ್ಕಾಲು ಪಾಲು ಬೇಜಾರೇ ಎಂದು ಗೊತ್ತಾದದ್ದು ಅಲ್ಲಿ. ಅದೇ ಕಬ್ಬಿನ ಲಾರಿ, ಅದೇ ನಾಯಿ, ಅದೇ ತೊಡೆ ನೋವು.

ಕೊನೆಗೆ ಬ್ರೆವೆಯ ದಿನ ಗುಂಡ್ಲುಪೇಟೆ ಮುಟ್ಟಿ ತಿರುಗಿ ಬರುವಾಗ, ಬೇಗೂರಿನ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹುಣಸೆ ಮರದ ಕೆಳಗೆ ಕೂತು ಟ್ಯೂಬ್ ಎಳೆದೆ. ಗಾಳಿ ತುಂಬಿ ಕೆನ್ನೆಗೆ ಹಿಡಿದರೆ ತೂತಿನಿಂದ ತಣ್ಣಗೆ ಉಸಿರು ತಾಗುತ್ತದೆ. ಅಲ್ಲಿ ಉಪ್ಪುಕಾಗದ ಉಜ್ಜಿ, ಸೊಲ್ಯೂಷನ್ ಸವರಿ, ಅದು ಒಣಗುವವರೆಗೆ ಕಾಯಬೇಕು. ಅವಸರಪಟ್ಟರೆ ಪ್ಯಾಚ್ ಕೂರುವುದಿಲ್ಲ. ಗಡಿಯಾರ ಓಡುತ್ತಿರುವಾಗ ಸುಮ್ಮನೆ ಕಾಯುವಷ್ಟು ಕಷ್ಟ ಯಾವ ಏರಿನಲ್ಲೂ ಆಗಿರಲಿಲ್ಲ. ಆ ಪಾರ್ಸಿ ಹುಡುಗರು ಮರಳುಗಾಡಿನಲ್ಲಿ ಎಷ್ಟು ಪ್ಯಾಚ್ ಹಾಕಿದ್ದರೋ! ಗಡುವಿಗೆ ಸ್ವಲ್ಪ ಮೊದಲು ಮುಗಿಸಿದೆ. ಮರುದಿನ ಬೇಕೆಂದೇ ಮೆಟ್ಟಿಲು ಹತ್ತಿ ಆಫೀಸಿಗೆ ಹೋದರೆ, ಪಕ್ಕದ ಟೇಬಲ್ಲಿನವನು 300ಕ್ಕೆ ಹೆಸರು ಕೊಟ್ಟು ಕೂತಿದ್ದ.

ಈಚೆಗೆ ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನ ಬಳಿ ನಿಂತು ನನ್ನ ಹೊಟ್ಟೆಯನ್ನೂ ಸೈಕಲ್ಲನ್ನೂ ನೋಡಿ, "ಎಷ್ಟು ಬಿತ್ರೀ ಇದು?" ಅಂದರು. ಸೀಟು ಇಳಿಸಿ ಕೊಟ್ಟೆ. ಪಂಚೆ ಎತ್ತಿ ಕಟ್ಟಿ ಬೀದಿಯ ಕೊನೆಯವರೆಗೆ ಹೋಗಿಬಂದು, ಬ್ರೇಕು ಸರಿಯಿಲ್ಲ ಎಂದು ದೂರಿದರು.