ಮಾಡಿನ ಮೇಲಿನ ಮಂಗಳೂರು

ಮಳೆಗಾಲಕ್ಕೆ ಮುಂಚೆ ಮಾಡಿಗೆ ಕೈಯಾಡಿಸುವ ದಿನ, ಕೆಳಗೆ ನಿಂತು ಹಂಚು ದಾಟಿಸುವ ಕೆಲಸ ಮಕ್ಕಳದು. ಅಂಗಿಯೆಲ್ಲ ಪಾಚಿ, ಜೇಡರ ಬಲೆ. ಆದರೂ ಒಂದೊಂದು ಹಂಚನ್ನೂ ಮಗುಚಿ, ಅಡಿಯಲ್ಲಿ ಒತ್ತಿದ ಕಾರ್ಖಾನೆಯ ಹೆಸರಿನ ಮೇಲೆ ಬೆರಳಾಡಿಸದೆ ನಾನು ಮೇಲೆ ಕೊಡುತ್ತಿರಲಿಲ್ಲ. ಅಜ್ಜ ಹೊದೆಸಿದ್ದು, ಗಾಳಿಮಳೆಗೆ ಒಡೆದಾಗ ಅಪ್ಪ ಬದಲಿಸಿದ್ದು, ಎಲ್ಲ ಆ ಒಂದು ಮಾಡಿನಲ್ಲೇ ದಾಖಲಾಗಿರುತ್ತಿತ್ತು.

ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮತಾಂತರವಾಗಿ ಮನೆ, ಕುಲಕಸುಬು ಎರಡನ್ನೂ ಕಳೆದುಕೊಂಡವರಿಗೆ ಕೂಲಿ ಬೇಕಿತ್ತು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಆವೆಮಣ್ಣು ಬೇಕಾದಷ್ಟಿತ್ತು. ಮೂರೇ ವರ್ಷದಲ್ಲಿ ಅಲ್ಬುಕರ್ಕ್ ಮನೆತನ ತನ್ನದೇ ಕಾರ್ಖಾನೆ ಹಾಕಿತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡರು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಯುರೋಪಿನ ಜಗಳ ನಮ್ಮ ಮಾಡಿನವರೆಗೂ ಬಂದದ್ದನ್ನು ನೆನೆದರೆ ಈಗಲೂ ಬೆರಗಾಗುತ್ತದೆ.

ಆಮೇಲಿನ ಕಥೆ ಊರಿಗೆಲ್ಲ ಗೊತ್ತಿರುವುದೇ. ಮಣ್ಣು, ಸೌದೆ ಎರಡೂ ತುಟ್ಟಿಯಾದವು. ಕೊಲ್ಲಿಯ ದುಡ್ಡು ಬಂದು ತಾರಸಿ ಮನೆಯೇ ಮರ್ಯಾದೆ ಎನಿಸಿತು. ಹೊಳೆಬದಿಯ ಕಾರ್ಖಾನೆಯಲ್ಲಿ ಸುಡುವ ಹಂಚಿಗಿಂತ ಅದು ನಿಂತ ನೆಲಕ್ಕೇ ಹೆಚ್ಚು ಬೆಲೆ ಬಂತು.

ನನ್ನನ್ನು ಕಾಡುವುದು ಹಳೇ ಬಂದರಿನ ಓಣಿಗಳು. ಪಣಂಬೂರು 1974ರಲ್ಲಿ ಪ್ರಮುಖ ಬಂದರಾದ ಮೇಲೆ ದೊಡ್ಡ ಹಡಗುಗಳು ಅತ್ತ ಸರಿದವು; ಇಲ್ಲಿ ಉಳಿದದ್ದು ಮೀನುಗಾರಿಕೆ, ಲಕ್ಷದ್ವೀಪಕ್ಕೆ ಹೋಗುವ ಸರಕು, ಸಗಟು ಅಂಗಡಿಗಳು. ದಪ್ಪ ಮುರಕಲ್ಲಿನ ಗೋಡೆ, ಇಳಿಜಾರು ಹಂಚಿನ ಮಾಡಿನ ಗೋದಾಮುಗಳು ಅಲ್ಲಿ ಇನ್ನೂ ಇವೆ. ಒಳಗೆ ಹೋದರೆ ಒಣಮೆಣಸಿನ ಘಾಟು; ಗಾಜಿನ ಹಂಚಿನಿಂದ ಇಳಿದ ಬಿಸಿಲು ಅಕ್ಕಿಮೂಟೆಯ ಮೇಲೆ ಬಿದ್ದಿರುತ್ತದೆ. ಅವನ್ನು ಯಾರೂ ಸ್ಮಾರಕ ಎಂದು ಕಾಪಾಡಿದ್ದಲ್ಲ. ವ್ಯಾಪಾರ ನಡೆಯುತ್ತಿದೆ, ಒಡೆದ ಹಂಚನ್ನು ಬದಲಿಸುತ್ತಾರೆ, ಕಟ್ಟಡ ನಿಂತಿದೆ. ಬೀಗ ಹಾಕಿದ ಮನೆಯ ಮಾಡಿನಲ್ಲಿ ಒಂದು ಹಂಚು ಜಾರಿದರೆ ಸಾಕು, ನಾಲ್ಕು ಮಳೆಗೆ ಪಕ್ಕಾಸು, ರೀಪು ಕುಂಬಾಗಿ ಎಲ್ಲ ಒಟ್ಟಿಗೆ ಕೂರುತ್ತದೆ.

ಹಳೆ ಹಂಚನ್ನು ಕೆಡವಿದ ಮನೆಗಳಿಂದ ಕೊಂಡು ರೆಸಾರ್ಟಿಗೆ ಹೊದೆಸುವುದು ಈಗಿನ ಚಾಳಿ. ಕಸದ ಗುಂಡಿಗೆ ಹೋಗುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಹಂಚಿಗೆ ತಾನಿದ್ದ ಓಣಿ, ನೆರೆಮನೆ, ಕೆಳಗೆ ಮಲಗಿದವರ ಹೆಸರು ಅಲ್ಲಿ ಯಾವುದೂ ಇರುವುದಿಲ್ಲ. ಕಾರ್ಖಾನೆ ಕೆಡವಿ ಹೊಗೆಕೊಳವೆಯೊಂದನ್ನೇ ಅಂದಕ್ಕೆ ಉಳಿಸುವುದೂ ನನಗೆ ಒಪ್ಪಿಗೆಯಿಲ್ಲ. ಅದರ ಬದಲು ಹಂಚು ಒಣಗಿಸುತ್ತಿದ್ದ ಒಂದು ಶೆಡ್ಡನ್ನು ನಗರಪಾಲಿಕೆ ಕೊಳ್ಳಲಿ. ಮಾಡು ಕಟ್ಟಬಲ್ಲ ಹಿರಿಯ ಆಚಾರಿಗಳನ್ನು ಸಂಬಳ ಕೊಟ್ಟು ಕರೆಸಿ, ಬಂದರಿನ ಗೋದಾಮುಗಳ ರಿಪೇರಿಯಲ್ಲೇ ಹುಡುಗರಿಗೆ ಕೆಲಸ ಕಲಿಸಲಿ. ಆ ಆಚಾರಿಗಳಿಗೆ ಏಣಿ ಹತ್ತುವ ಕಸುವು ಇರುವಾಗಲೇ ಇದು ಆಗಬೇಕು.