ಮೊಣಕಾಲುದ್ದ ನೀರು, ಆಳುದ್ದ ಗುಂಡಿ

ಆಫ್‌ರೋಡ್ ಅಂದ ಕೂಡಲೇ ನಮ್ಮ ಆಫೀಸಿನವರಿಗೆ ಸಕಲೇಶಪುರದ ಕೆಸರು ನೆನಪಾಗುತ್ತದೆ. ನನಗೆ ಚಳ್ಳಕೆರೆ–ಮೊಳಕಾಲ್ಮೂರು ಕಡೆಯ ಬಂಡಿದಾರಿಗಳು. ಕಡಿದಾದ ಏರಿಲ್ಲ, ಪಕ್ಕದಲ್ಲಿ ಪ್ರಪಾತವಿಲ್ಲ. ಜಾಲಿ, ಶೇಂಗಾ ಹೊಲ, ಬಂಡೆಗುಡ್ಡ, ನಡುವೆ ಒಂದೊಂದು ಹಳ್ಳ. ಹೊಸದಾಗಿ ಜೀಪ್ ಹಿಡಿದವರು ಕಲಿಯೋಕೆ ಇಷ್ಟು ಸಾಕು.

ಬರದ ಸೀಮೇಲಿ ನೀರು ದಾಟೋದಾ ಅಂತ ನಗಬೇಡಿ. ವರ್ಷದಲ್ಲಿ ಬಹುಪಾಲು ದಿನ ಬರೀ ಮರಳೇ, ನಿಜ. ಆದರೆ ಹಿಂಗಾರು ಚೆನ್ನಾಗಿ ಹಿಡಿದರೆ ಕಥೆಯೇ ಬೇರೆ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ವೇದಾವತಿಯನ್ನು ನೋಡೋಕೆ ಊರಿಗೆ ಊರೇ ಬಂದಿತ್ತು.

ಅಕ್ಟೋಬರಿನ ಒಂದು ಭಾನುವಾರ ಅಮ್ಮ, ತಮ್ಮ, ನಾನು ಬ್ರಹ್ಮಗಿರಿಗೆ ಹೋಗಿದ್ವಿ. ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನ ಅಲ್ಲಿದೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಹೊತ್ತು ತಂದವರೂ ಇಂಥ ಹಳ್ಳಗಳನ್ನು ದಾಟಿಯೇ ಬಂದಿರಬೇಕು!

ವಾಪಸ್ ಬರುವಾಗಿನ ಮೊದಲ ಹಳ್ಳ ಸಲೀಸು. ತಿಳಿನೀರು, ಪಾದ ಮುಳುಗುವಷ್ಟೇ. ಫೋರ್-ಲೋಗೆ ಹಾಕಿ, ಮೊದಲನೇ ಗೇರಿನಲ್ಲಿ, ನಡುವೆ ನಿಲ್ಲಿಸದೆ ಒಂದೇ ವೇಗದಲ್ಲಿ ದಾಟಿದೆ. ಆಚೆ ದಡದಲ್ಲಿ ಬ್ರೇಕನ್ನು ನಾಲ್ಕು ಸಲ ಮೆಲ್ಲಗೆ ಒತ್ತಿ ಒಣಗಿಸಿದೆ. ಅಮ್ಮ ಕಣ್ಣು ಬಿಟ್ಟರು.

ಎರಡನೆಯದರಲ್ಲಿ ನೀರು ಕೆಂಪಗಿತ್ತು, ತಳ ಕಾಣ್ತಿರಲಿಲ್ಲ. "ಅಕ್ಕಾ, ಇಷ್ಟೇ ನೀರು, ಬಿಡು ಗಾಡಿ" ಅಂದ ತಮ್ಮ. ಹಿಂದಿನ ಸೀಟಿನಲ್ಲಿ ಅಮ್ಮ. ಅವರಿಗೆ ಈಜು ಬರಲ್ಲ. ನಾನು ಎಂಜಿನ್ ಆಫ್ ಮಾಡಿ ಇಳಿದೆ. ದಡದಲ್ಲಿ ಕುರಿ ಕಾಯ್ತಿದ್ದ ತಾತನ್ನ ಕೇಳಿದೆ.

"ನೀರು ಮೊಣಕಾಲುದ್ದನೇ ಐತೆ ತಾಯಿ. ಗುಂಡಿ ಆಳುದ್ದ ಐತೆ. ಟ್ರ್ಯಾಕ್ಟರ್‌ನೋರು ಮರಳು ಬಗ್ಕೊಂಡು ಹೋಗವ್ರೆ" ಅಂದ ತಾತ. ತನ್ನ ಕೋಲನ್ನೇ ಕೊಟ್ಟ. ದಡದಿಂದ ನಾಲ್ಕು ಹೆಜ್ಜೆ ಆಚೆ ಊರಿದರೆ ಕೋಲು ಪೂರ್ತಿ ಒಳಗೆ ಹೋಯ್ತು. ತಮ್ಮ ಮಾತಾಡಲಿಲ್ಲ.

ಜೀಪಿನ ಪುಸ್ತಕದಲ್ಲಿ ಎಷ್ಟು ಮಿಲಿಮೀಟರ್ ನೀರಿಗೆ ಇಳಿಸಬಹುದು ಅಂತ ಬರೆದಿರುತ್ತಾರೆ. ಮರಳು ಎತ್ತಿದ ಜಾಗ ಎಲ್ಲಿದೆ ಅಂತ ಬರೆದಿರುತ್ತಾರಾ? ಗಾಡಿಯವರ ಗುಂಪಿನಲ್ಲಿ ಸಿಗೋ ಹೋದ ವರ್ಷದ ಮ್ಯಾಪನ್ನೂ ನಾನು ನಂಬಲ್ಲ.

ತಾತ ಕುರಿಗಳನ್ನು ಒಂದು ಫರ್ಲಾಂಗು ಮೇಲಕ್ಕೆ ಹೊಡ್ಕೊಂಡು ಹೋಗಿ, ಬಂಡೆ ಹಾಸಿದ ಕಡೆ ದಾಟಿಸಿದ. ನಾನು ಅಲ್ಲೂ ಕೋಲು ಊರಿಕೊಂಡು ಆಚೆವರೆಗೆ ನಡೆದು ನೋಡಿ ಬಂದೆ. ಆಮೇಲೆ ಕುರಿ ಹೋದ ಜಾಡಿನಲ್ಲೇ ಜೀಪ್ ಇಳಿಸಿದೆ. ಅಮ್ಮ ಈ ಸಲ ಕಣ್ಣು ಮುಚ್ಚಲಿಲ್ಲ, ಕುರಿ ಎಣಿಸ್ತಾ ಇದ್ದರು.